ಮೂರು ದಿನದ ಸರಿಲೆಕ್ಕ

ಪಕ್ಕಪಕ್ಕದಲ್ಲಿ ಎರಡು ಕಲ್ಲುತೊಟ್ಟಿಗಳಿದ್ದವು. ಒಂದಕ್ಕೆ ದಿನವಿಡೀ ನಲ್ಲಿಯ ನೀರು ಬೀಳುತ್ತಿತ್ತು, ಇನ್ನೊಂದು ಸಣ್ಣ ಬಿರುಕಿನಿಂದ ದಿನವಿಡೀ ಸೋರುತ್ತಿತ್ತು. ನಡುವೆ ಕೊಳವೆಯಿದ್ದುದರಿಂದ ಎರಡೂ ತುಂಬಿಯೇ ಇದ್ದವು. ಸೋರುವ ತೊಟ್ಟಿಯಲ್ಲಿ ಮೊಟ್ಟೆಯಿಟ್ಟಿದ್ದ ಕಪ್ಪೆ ಪ್ರತಿ ಬೆಳಿಗ್ಗೆ ಅಲ್ಲಿನ ಮೀನುಗಳನ್ನು ಎಣಿಸುತ್ತಿತ್ತು.

“ಏಡಿಯಣ್ಣ, ನನ್ನ ತಲೆ ಕೆಟ್ಟುಹೋಗಿದೆ. ನಿನ್ನೆ ಐದು ಕೆಂಪು ಮೀನು, ಇವತ್ತು ಎರಡೇ. ಉಳಿದದ್ದೆಲ್ಲ ಕಪ್ಪು. ಈ ಕಲಸುಮೇಲೋಗರದಲ್ಲಿ ಮಕ್ಕಳನ್ನು ಹೇಗೆ ಬೆಳೆಸಲಿ?”

“ಕಲಸಿಕೊಂಡೇ ಇರಲಿ ಬಿಡು ತಂಗಿ,” ಎಂದಿತು ಏಡಿ.

ವಾರದ ಬಳಿಕ ಕಪ್ಪೆ ಕುಣಿಯುತ್ತ ಬಂತು. “ಅಣ್ಣ, ಮೂರು ದಿನದಿಂದ ಲೆಕ್ಕ ಒಂದೇ! ಮೂರು ಕೆಂಪು, ನಾಲ್ಕು ಕಪ್ಪು. ಅಂತೂ ಎಲ್ಲ ಸರಿಹೋಯಿತು.”

ಏಡಿ ಗಾಬರಿಯಾಯಿತು. “ಹಾಗಾದರೆ ಮೀನುಗಳು ಆ ತೊಟ್ಟಿಗೂ ಈ ತೊಟ್ಟಿಗೂ ಓಡಾಡುತ್ತಿಲ್ಲ. ಕೊಳವೆಗೆ ಪಾಚಿ ಕಟ್ಟಿದೆ. ನಡಿ, ಇಬ್ಬರೂ ಸೇರಿ ಕೀಳೋಣ.”

“ನೀರು ಅಷ್ಟೇನೂ ಇಳಿದಿಲ್ಲವಲ್ಲ?”

“ನೀರು ನಿಧಾನಕ್ಕೆ ಹೇಳುತ್ತದೆ. ಮೀನು ಆಗಲೇ ಹೇಳಿವೆ.”

ಲೆಕ್ಕ ತಪ್ಪಿದರೆ ಸುಖ, ಸರಿಯಾದರೆ ಕೇಡು! ಕಪ್ಪೆಗೆ ತಲೆಬುಡ ತಿಳಿಯಲಿಲ್ಲ. “ನಾಳೆ ಇನ್ನೊಮ್ಮೆ ಎಣಿಸಿ ನೋಡುತ್ತೇನೆ, ಅಣ್ಣ,” ಎಂದಿತು.

ಮರುದಿನ ಎಣಿಸಿತು. ಲೆಕ್ಕ ಸರಿಯಾಗಿಯೇ ಇತ್ತು. ಮೇಲಿನ ಸಾಲಿನ ಮೊಟ್ಟೆಗಳು ನೀರಿನಿಂದ ಹೊರಗೆ ಒಣಗುತ್ತಿದ್ದವು.