ವಾಲಿದ ಕಂಬದ ಚಿತ್ರ

“ನನ್ನ ಕಣ್ಣಿಗೆ ಮಣ್ಣೆರಚುವವನು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ, ಮಹಾಸ್ವಾಮಿ!”

ಕೆಂಚನಗಡದ ಆಸ್ಥಾನದಲ್ಲಿ ನಿಂಗಾಜಮ್ಮ ಹೀಗೆಂದಾಗ ಯಾರೂ ನಗಲಿಲ್ಲ. ಹೂ ಕಟ್ಟಲು ಅರಮನೆಗೆ ಬಂದವಳು, ತಾನಾಗಿಯೇ ಓದು ಕಲಿತು ದೊರೆಗೆ ಸಲಹೆ ಹೇಳುವಷ್ಟು ಮೇಲೆ ಬಂದಿದ್ದಳು. ಅವಳಿಗೆ ಬಾರದ ವಿದ್ಯೆ ಒಂದೇ: “ಗೊತ್ತಿಲ್ಲ” ಎನ್ನುವುದು.

ಅವಳ ಎದುರಿಗಿದ್ದದ್ದು ನೀರುಬಣ್ಣದ ಒಂದು ಚಿತ್ರ. ಊರಾಚೆ ಇರುವ ದೊರೆಯ ತೋಟದ ಬಂಗಲೆ, ಮುಂದೆ ಹೂವಿನ ಪಾತಿ, ಬಾವಿ, ಮಲ್ಲಿಗೆ ಚಪ್ಪರ. ವರ್ತಕ ಪದುಮಯ್ಯ ಅದನ್ನು ಹರಾಜಿಗೆ ತಂದಿದ್ದ.

“ನೂರು ವರ್ಷದ್ದು ಸ್ವಾಮಿ! ತಮ್ಮ ಮುತ್ತಾತನವರ ಕಾಲದಲ್ಲಿ ಆ ತೋಟದಲ್ಲೇ ಕೂತು ಬರೆದದ್ದು.”

“ಹೌದೇನು ನಿಂಗಾಜಮ್ಮ?” ದೊರೆ ಕೇಳಿದ.

ಅವಳು ಚಿತ್ರವನ್ನು ಮೂಸಿದಳು, ಬೆರಳಿನಿಂದ ತಟ್ಟಿದಳು, “ಹ್ಞೂಂ” ಎಂದಳು. ಕಾಗದ ಹಳದಿಯಾಗಿದೆ ಎಂಬುದು ಬಿಟ್ಟರೆ ಅವಳಿಗೆ ಏನೇನೂ ತಿಳಿಯಲಿಲ್ಲ. “ನೂರಲ್ಲ ಸ್ವಾಮಿ, ನೂರಹತ್ತು!”

ಹರಾಜಿನ ಕೂಗು ಶುರುವಾಯಿತು. ಅತಿಥಿಯಾಗಿ ಬಂದಿದ್ದ ಪಕ್ಕದ ಪಾಳೆಯಗಾರ ಎರಡು ಆನೆ ಎಂದ. ದೊರೆ ಮೂರೆಂದ. ಪಾಳೆಯಗಾರ ಮೀಸೆ ತಿರುವಿ ಐದೆಂದ. ದೊರೆಗೆ ರೇಗಿಹೋಯಿತು.

“ಆ ತೋಟವನ್ನೇ ಕೊಟ್ಟೆ! ಚಿತ್ರದ ತೋಟಕ್ಕೆ ನೀರು ಹಾಯಿಸಬೇಕಿಲ್ಲ, ಅದು ಬಾಡುವುದೂ ಇಲ್ಲ.”

“ಒಂದು ಸಾರಿ!” ಪದುಮಯ್ಯ ಕೂಗಿದ.

ಆ ತೋಟ ನಂಬಿಕೊಂಡು ಹನ್ನೆರಡು ಮನೆಗಳಿದ್ದವು. ಅವುಗಳಲ್ಲೊಂದು ನಿಂಗಾಜಮ್ಮನ ತವರು.

ಈಗ ಅವಳು ಚಿತ್ರವನ್ನು ನಿಜವಾಗಿಯೂ ನೋಡಿದಳು. ಚಪ್ಪರದ ಬಲಗಂಬ ಕುಡಿದವನಂತೆ ಬಾವಿಯ ಕಡೆಗೆ ವಾಲಿತ್ತು. ಅಯ್ಯೋ, ಈ ಕಂಬ!

ಆರು ವರ್ಷದ ಹಿಂದೆ ಅದನ್ನು ನಿಲ್ಲಿಸಿದವಳು ಅವಳೇ. “ಅಮ್ಮಾವ್ರೇ, ವಾಲಿದೆ” ಎಂದು ಬಡಗಿ ಹೇಳಿದ್ದ. “ವಾಲಿರೋದು ನಿನ್ನ ಕಣ್ಣು” ಎಂದು ಅವನ ಬಾಯಿ ಮುಚ್ಚಿಸಿದ್ದಳು. ಕಂಬ ಯಾಕೆ ಸೊಟ್ಟಗಿದೆ ಎಂದು ದೊರೆ ಕೇಳಿದಾಗ, “ಇದು ತಮ್ಮ ಮುತ್ತಾತನವರು ಕಟ್ಟಿಸಿದ ಚಪ್ಪರ” ಎಂದು ತೇಲಿಸಿಬಿಟ್ಟಿದ್ದಳು. ಅಂದಿನಿಂದ ಬಂದ ಅತಿಥಿಗಳಿಂದೆಲ್ಲ ದೊರೆ ಆ ಕಂಬಕ್ಕೆ ಕೈ ಮುಗಿಸುತ್ತಿದ್ದ.

“ಎರಡು ಸಾರಿ!”

ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಮುಚ್ಚಿಕೊಂಡರೆ ತೋಟ ಹೋಗುತ್ತದೆ.

“ಪದುಮಯ್ಯನವರೇ, ತಾಳಿ. ಬರೆದಾದ ಮೇಲೆ ಯಾರಾದರೂ ಇದರಲ್ಲಿ ಒಂದೆಲೆಯನ್ನಾದರೂ ತಿದ್ದಿದ್ದಾರೆಯೇ?”

“ಛೆ ಛೆ! ಒಂದು ಚುಕ್ಕೆಯೂ ಇಲ್ಲ. ಸುಳ್ಳಾದರೆ ನನ್ನ ಅಂಗಡಿ ದೊರೆಗಳದು.”

“ಈ ವಾಲಿದ ಕಂಬ?”

“ಅದೇ ಗುರುತು ಅಮ್ಮಾವ್ರೇ! ಮುತ್ತಾತನವರ ಕಾಲದ್ದು ಅಂತ ತಾವೇ ಊರಿಗೆಲ್ಲ ಹೇಳುತ್ತೀರಲ್ಲ!”

“ಹೇಳುತ್ತೇನೆ. ಹಸಿ ಸುಳ್ಳು ಹೇಳುತ್ತೇನೆ. ಅದನ್ನು ಆರು ವರ್ಷದ ಹಿಂದೆ ಸೊಟ್ಟಗೆ ನಿಲ್ಲಿಸಿದವಳು ನಾನು. ಬಡಗಿಯನ್ನು ಕರೆಸಿ ಕೇಳಿ, ಈ ದಿನಕ್ಕೇ ಕಾಯುತ್ತಿದ್ದಾನೆ.”

ಪದುಮಯ್ಯನ ಮುಖ ಕಾಗದಕ್ಕಿಂತ ಹಳದಿಯಾಯಿತು. ಹೋದ ತಿಂಗಳು ಬರೆಸಿ, ಅರಿಶಿನದ ನೀರು ಬಳಿದು ಒಣಗಿಸಿದ್ದೆಂದು ಒಪ್ಪಿಕೊಂಡ. ಅಂಗಡಿಯ ಬೀಗದ ಕೈ ತೆಗೆದಿಟ್ಟ.

ದೊರೆ ಸಿಂಹಾಸನದಿಂದ ಎದ್ದೇಬಿಟ್ಟ. “ನೂರಹತ್ತು ಎಂದವಳು ನೀನು! ಆರು ವರ್ಷ ನನ್ನಿಂದಲೂ ಸೊಟ್ಟ ಕಂಬಕ್ಕೆ ಕೈ ಮುಗಿಸಿದವಳು ನೀನು! ನಿನ್ನನ್ನು ಆಸ್ಥಾನದಲ್ಲಿ ಯಾಕಿಟ್ಟುಕೊಳ್ಳಲಿ?”

“ಮಹಾಸ್ವಾಮಿ, ಬೇರೆಯವರ ಸುಳ್ಳು ಹಿಡಿಯುವ ಜಾಣರು ಬೇಕಾದಷ್ಟು ಸಿಗುತ್ತಾರೆ. ತನ್ನ ಸುಳ್ಳನ್ನು ತಾನೇ ಹಿಡಿದುಕೊಟ್ಟು ತಮ್ಮ ತೋಟ ಉಳಿಸುವ ದಡ್ಡಿ ನಾನೊಬ್ಬಳೇ. ನನ್ನನ್ನು ಓಡಿಸಿದರೆ ಇನ್ನೊಬ್ಬಳನ್ನು ಎಲ್ಲಿಂದ ತರುತ್ತೀರಿ?”

ದೊರೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ತನ್ನ ಜರತಾರಿ ಶಾಲು ತೆಗೆದು ಅವಳಿಗೆ ಹೊದಿಸಿದ.

ನಿಂಗಾಜಮ್ಮ ಶಾಲು ಸರಿಮಾಡಿಕೊಂಡು ಕೈ ಮುಗಿದಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

“ಆದರೂ ಒಂದು ಮಾತು ಮಹಾಸ್ವಾಮಿ. ಚಿತ್ರದಲ್ಲಿ ಬರೆದಿರುವಷ್ಟೇನೂ ಅದು ವಾಲಿಲ್ಲ.”