ನಾಯಿಗೆ ಎಸೆಯುತ್ತಿದ್ದ ಗುಲ್ಮ

ಕುರಿ ಕೊಯ್ದಾಗಲೆಲ್ಲ ಮಾಳಪ್ಪ ಪಾಲು ಹಾಕುವ ಮೊದಲು ಗುಲ್ಮವನ್ನು ಕಿತ್ತು ನಾಯಿಯ ಕಡೆ ಎಸೆಯುತ್ತಿದ್ದ. ಜಠರದ ಎಡಕ್ಕೆ ಅಂಟಿಕೊಂಡಿರುತ್ತದಲ್ಲ, ಕರಿಗೆಂಪಿನದು, ಅಂಗೈಯಷ್ಟಗಲ, ಮೆತ್ತಗೆ, ಅದೇ.

"ತಿನ್ನೋ ಬಿಲ್ಲಾ, ಯಾರ ಪಾಲಿಗೂ ಬ್ಯಾಡಾದದ್ದು," ಅನ್ನುತ್ತಿದ್ದ.

ಬಿಲ್ಲ ಅವನ ನಾಯಿ. ತೋಳ ಬಂದರೆ ಎದುರು ನಿಲ್ಲುವವನು. ಮಾಳಪ್ಪನೂ ಹೆಂಡತಿ ಲಗಮವ್ವನೂ ಊರೂರು ಅಲೆಯುವ ಕುರುಬರು. ಗೊಬ್ಬರಕ್ಕೆಂದು ರೈತರು ಕರೆದ ಹೊಲದಲ್ಲಿ ಬಲೆ ಕಟ್ಟಿ ಕುರಿಗಳಿಗೆ ರೊಪ್ಪ ಮಾಡುತ್ತಿದ್ದರು. ಸಂಜೆಯಾದರೆ ಲಗಮವ್ವ ಬಲೆಯ ಮೂಲೆಯನ್ನು ಒಂದೇ ಕುರಿ ತೂರುವಷ್ಟು ತೆರೆದು ನಿಲ್ಲುವಳು. ಒಂದೊಂದರ ಬೆನ್ನ ಮೇಲೂ ಕೈ ಆಡಿಸುವಳು. ಕೆಮ್ಮುವುದು, ಕುಂಟುವುದು, ಬೇರೆ ಹಿಂಡಿನದು ಹೊರಗೇ ಉಳಿಯುತ್ತಿತ್ತು.

"ಮುಗೀತೇನ ನಿನ್ನ ಮೆರವಣಿಗಿ? ಹಸಿವಾಗೇತಿ," ಅಂತ ಮಾಳಪ್ಪ ದಿನಾ ಚುಡಾಯಿಸುವನು.

ಒಂದು ದಿನ ಎರಡು ಟಗರು ಗುದ್ದಾಡುತ್ತಿದ್ದವು. ಬಿಲ್ಲ ಬಿಡಿಸಲು ನುಗ್ಗಿದ. ಅವನ ಎಡ ಪಕ್ಕೆಗೇ ಗುದ್ದು ಬಿತ್ತು. ಒಸಡು ಬಿಳಿಚಿತು, ಕಾಲು ಕುಸಿಯಿತು. ಗಂಡ ಹೆಂಡತಿ ಅವನನ್ನು ಕಂಬಳಿಯಲ್ಲಿ ಹೊತ್ತು ದನದ ದವಾಖಾನೆಗೆ ಓಡಿದರು.

ಡಾಕ್ಟರಮ್ಮ ಹೊಟ್ಟೆ ಮುಟ್ಟಿ, ಯಂತ್ರ ಇಟ್ಟು ನೋಡಿದಳು. "ಗುಲ್ಮ ಸೀಳೇತಿ. ರಕ್ತ ಸದ್ಯ ನಿಂತೈತಿ. ಎಂಟು ದಿನ ಅಲ್ಲಾಡದಂಗ ಮಲಗಿಸಿದ್ರ ಮಾಯ್ತದ. ಈಗಲೇ ನಿಮ್ಮ ಜೋಡಿ ಅಲೆಯೋದಾದ್ರ ಮತ್ತ ಒಡೀತದ, ತೆಗೆದೇ ಹಾಕಬೇಕು."

ಅವರು ಬೀಡುಬಿಟ್ಟಿದ್ದ ಹೊಲದಲ್ಲಿ ಕುರಿಗಳಿಗೆ ಮೇಯಲು ಒಂದು ಎಲೆಯೂ ಉಳಿದಿರಲಿಲ್ಲ. ಮರುದಿನ ಹಿಂಡು ಹೊರಡಲೇಬೇಕಿತ್ತು.

"ತೆಗೀರಿ ತಾಯಿ," ಅಂದ ಮಾಳಪ್ಪ. "ನಾವು ನಾಯಿಗೆ ಎಸೆಯೋ ತುಣುಕು ಅದು. ಇದ್ದರೆಷ್ಟು, ಬಿಟ್ಟರೆಷ್ಟು?"

"ತೆಗೆದರೂ ಬದುಕ್ತಾನ. ಆದ್ರ ಕೇಳಪ್ಪ. ಮೈಯಾಗಿನ ರಕ್ತ ಗುಲ್ಮದ ಸಣ್ಣ ಸಂದಿಯೊಳಗ ತೂರಿ ಹೋಗ್ತದ. ಮುದಿಯಾದ ಕಣ ಅಲ್ಲೇ ತಡೆದು ನಿಲ್ತಾವ. ರೋಗದ ಹುಳ ಬಂದ್ರ ಗುರುತು ಹಿಡಿದು ಬಡಿಯೋ ಕಾವಲುಗಾರರೂ ಅಲ್ಲೇ ಇರ್ತಾರ. ಅದಿಲ್ಲದ ನಾಯಿಗೆ ಉಣ್ಣಿಜ್ವರ ಬಂದ್ರ ತಡಕೊಳ್ಳೂದು ಕಷ್ಟ."

ಲಗಮವ್ವನ ಕಣ್ಣರಳಿತು. "ಅಂದ್ರ ನಾ ರೊಪ್ಪದ ಬಾಗಿಲದಾಗ ನಿಂತಂಗ!"

"ಹಂಗೇ ನೋಡವ್ವ."

"ಹಂಗಾದ್ರ ತೆಗೀಬ್ಯಾಡ್ರಿ. ಇಷ್ಟು ವರ್ಷ ನಮ್ಮನ್ನ ಕಾದಾನ. ಎಂಟು ದಿನ ಇಲ್ಲೇ ಇದ್ದು ಇವನ್ನ ನಾ ಕಾಯ್ತೀನಿ." ಗಂಡನ ಕಡೆ ತಿರುಗಿದಳು. "ನೀ ಹಿಂಡು ಹೊಡಕೊಂಡು ನಡಿ. ಬಾಗಿಲದಾಗ ನಿಲ್ಲೂದು ಮರೀಬ್ಯಾಡ."

ಮೊದಲ ಸಂಜೆಯೇ ಮಾಳಪ್ಪ ಬಲೆಯ ಒಂದು ಬದಿಯನ್ನೇ ಎತ್ತಿಬಿಟ್ಟ. ಕುರಿಗಳು ಗುಂಪಾಗಿ ನುಗ್ಗಿದವು. "ಇಷ್ಟಕ್ಕ ತಾಸುಗಟ್ಟಲೆ ನಿಲ್ತಾಳ ಅಕಿ!" ಅಂತ ನಕ್ಕು ಉಣ್ಣಲು ಕೂತ. ಆ ನೂಕಾಟದಲ್ಲಿ ಯಾರ ಹಿಂಡಿನದೋ ಕೆಮ್ಮುವ ಕುರಿಯೊಂದು ಒಳಗೆ ಸೇರಿದ್ದು ಅವನಿಗೆ ಕಾಣಲೇ ಇಲ್ಲ.

ಒಂಬತ್ತನೆಯ ದಿನ ಲಗಮವ್ವ ಗಾಡಿಯಿಂದ ಇಳಿದಳು. ಅವಳ ಹಿಂದೆ ಬಿಲ್ಲ, ಮೆಲ್ಲಗೆ, ಬಾಲ ಆಡಿಸುತ್ತ. ಇತ್ತ ಎರಡು ಕುರಿ ಸತ್ತಿದ್ದವು, ಹತ್ತಾರು ಮೂಗು ಸುರಿಸುತ್ತಿದ್ದವು.

"ಬಾಗಿಲದಾಗ ನಾ ನಿಲ್ಲಲಿಲ್ಲ," ಅಂದ ಮಾಳಪ್ಪ. ತಲೆ ಎತ್ತಲಿಲ್ಲ.

ಲಗಮವ್ವ ಬೈಯಲಿಲ್ಲ. ಕೈಚೀಲ ಕೆಳಗಿಟ್ಟಳು, ಬಲೆಯ ಮೂಲೆ ಬಿಚ್ಚಿದಳು, ಒಂದೊಂದನ್ನೇ ಮುಟ್ಟಿ ನೋಡಿದಳು. ರೋಗದ ಕುರಿಗಳು ಬೇರೆಯಾದವು. ಔಷಧಿ ಬಿತ್ತು. ಉಳಿದ ಹಿಂಡು ಉಳಿಯಿತು. ಮಳೆಗಾಲದಲ್ಲಿ ಬಿಲ್ಲನಿಗೆ ಉಣ್ಣಿಜ್ವರವೂ ಬಂತು ಅನ್ನಿ. ಗುಲ್ಮ ಒಳಗೇ ಇತ್ತಲ್ಲ, ಸೂಜಿ ಚುಚ್ಚಿಸಿದ ನಾಲ್ಕನೇ ದಿನ ರೊಟ್ಟಿ ಕೇಳಿ ಎದ್ದು ಕೂತ.

ಮತ್ತೆ ಕುರಿ ಕೊಯ್ದ ದಿನ ಮಾಳಪ್ಪ ಗುಲ್ಮವನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದ. "ಇಷ್ಟೇ ಇಷ್ಟು ಐತಿ. ಹುಟ್ಟಿದಾಗಿಂದ ಸುಮ್ನ ಕಾದೈತಿ," ಅಂದ. ಅವತ್ತು ಅದನ್ನು ಎಸೆಯಲಿಲ್ಲ. ಕುಕ್ಕರಗಾಲಲ್ಲಿ ಕೂತು ಕೈಯಾರೆ ಬಿಲ್ಲನ ಬಾಯಿಗೆ ಕೊಟ್ಟ, ಅವನ ಎಡ ಪಕ್ಕೆ ಸವರಿದ. ಆಮೇಲೆ ಹೋಗಿ ರೊಪ್ಪದ ಬಾಗಿಲಲ್ಲಿ ಹೆಂಡತಿಯ ಪಕ್ಕ ನಿಂತ.

"ಯಾಕ, ಇವತ್ತ ಹಸಿವಿಲ್ಲೇನ?" ಅಂದಳು ಲಗಮವ್ವ.

"ಐತಿ. ಮೆರವಣಿಗಿ ಮುಗೀಲಿ," ಅಂದ ಅವನು.

ನೀತಿ: ಏನೂ ಕೆಡುಕಾಗದೆ ಕಳೆದ ದಿನವೂ ಸುಮ್ಮನೆ ಕಳೆದದ್ದಲ್ಲ, ಮಕ್ಕಳೇ. ನಮ್ಮ ಮೈಯೊಳಗೂ ಮನೆಯೊಳಗೂ ಸದ್ದಿಲ್ಲದೆ ಬಾಗಿಲು ಕಾಯುವವರಿದ್ದಾರೆ. ಅವರಿಲ್ಲದ ದಿನ ಬರುವವರೆಗೂ ಕಾಯದೆ, ಇರುವಾಗಲೇ ಅವರನ್ನು ನೆನೆಯಿರಿ.