ದಳಪತಿ ಕೇಳಿದ ಹಾಸಿಗೆಗಳು

"ಗುರುಗಳೇ, ಇಡೀ ದೇಶದ ಮುಂದಿನ ವರ್ಷದ ಖರ್ಚನ್ನು ರಾಜಧಾನಿಯಲ್ಲಿ ಕೂತ ಕೆಲವರು ಮೊದಲೇ ಗೊತ್ತುಮಾಡುತ್ತಾರೆ. ತಾವು ಕಂಡಿರದ ಜನರಿಗೆ ಏನು ಬೇಕೆಂದು ಅವರಿಗೆ ತಿಳಿಯುವುದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ದೇಶದಲ್ಲಿ ಬೊಕ್ಕಸದ ಮಂತ್ರಿಯೊಬ್ಬನಿದ್ದ. ಹೊಸ ವರ್ಷಕ್ಕೆ ಮುಂಚೆ ಪ್ರತಿ ಇಲಾಖೆಯವರೂ ತಮಗೆ ಬೇಕಾದದ್ದನ್ನು ಅವನಿಗೆ ಹೇಳುವುದು ಅಲ್ಲಿನ ಪದ್ಧತಿ. ಮಂತ್ರಿ ಬರಲಿರುವ ತೆರಿಗೆಯನ್ನು ಅಂದಾಜು ಮಾಡಿ, ಅದನ್ನು ಹಂಚಿ, ಆಯವ್ಯಯವನ್ನು ಸಭೆಯಲ್ಲಿ ಓದುತ್ತಿದ್ದ. ಸಭೆ ಒಪ್ಪದೆ ಬೊಕ್ಕಸದ ಬೀಗ ತೆಗೆಯುವಂತಿರಲಿಲ್ಲ.

ಒಂದು ವರ್ಷ ದಳಪತಿ ಹೊಸ ಕುದುರೆಪಡೆ ಬೇಕೆಂದ. ಹಿರಿಯ ವೈದ್ಯ ಆಸ್ಪತ್ರೆಗಳನ್ನು ದೊಡ್ಡದು ಮಾಡಬೇಕೆಂದ. ಎರಡಕ್ಕೂ ಸಾಲುವಷ್ಟು ಹಣ ಬರುವಂತಿರಲಿಲ್ಲ. ತೆರಿಗೆ ಏರಿಸಲು ಮಂತ್ರಿಗೆ ಮನಸ್ಸಿರಲಿಲ್ಲ.

"ಗಡಿಯೇ ಹೋದರೆ ನಿಮ್ಮ ಆಸ್ಪತ್ರೆ ಯಾರಿಗೆ?" ಎಂದು ದಳಪತಿ ಗದರಿದ. ವೈದ್ಯ ಮುಖ ತಿರುಗಿಸಿ ಕೂತ.

ಮಂತ್ರಿ ಹೇಳಿದ: "ಈ ಸಲ ಸಭೆಯಲ್ಲಿ ವೈದ್ಯರ ಪರವಾಗಿ ದಳಪತಿಗಳು ಮಾತಾಡಲಿ. ದಳಪತಿಗಳ ಪರವಾಗಿ ವೈದ್ಯರು ಮಾತಾಡಲಿ. ಅದಕ್ಕೆ ಮೊದಲು ಇಬ್ಬರೂ ಹೋಗಿ ನೋಡಿಕೊಂಡು ಬನ್ನಿ."

ದಳಪತಿಗೆ ಅವಮಾನವೆನಿಸಿತು. ರಾಜನೂ ಅದನ್ನೇ ಹೇಳಿದ್ದರಿಂದ ಹೊರಟ. ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಅಂದೇ ಹೆತ್ತ ಬಾಣಂತಿಯೊಬ್ಬಳು ಹಾಸಿಗೆಯಿಂದ ಎದ್ದು, ಹೆರಿಗೆ ನೋವು ತಿನ್ನುತ್ತಿದ್ದ ಇನ್ನೊಬ್ಬಳಿಗೆ ಜಾಗ ಬಿಟ್ಟು, ಮಗುವಿನೊಂದಿಗೆ ನೆಲದ ಮೇಲೆ ಮಲಗುವುದನ್ನು ಕಂಡ. ಹಾಗೆ ಮಾಡೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಯುದ್ಧದಲ್ಲಿ ತಲೆ ತಗ್ಗಿಸದವನು ಬಾಗಿಲಲ್ಲೇ ಕಾಲಿನ ಜೋಡು ಕಳಚಿ, ಕೈಮುಗಿದು ನಿಂತ.

ವೈದ್ಯ ಹಿಮದ ಗಡಿಗೆ ಹೋದ. ಅಲ್ಲಿನ ಕಾವಲುಗಾರರು ಜೋಡಿಲ್ಲದೆ ಕಾಲಿಗೆ ಗೋಣಿ ಸುತ್ತಿಕೊಂಡಿದ್ದರು. ಒಬ್ಬನ ಕಾಲ್ಬೆರಳುಗಳು ಚಳಿಗೆ ಕಪ್ಪಾಗಿದ್ದವು.

ಸಭೆ ಸೇರಿತು. ವೈದ್ಯ ಎದ್ದು, "ಕಾವಲಿನವರಿಗೆ ಒಳ್ಳೆಯ ಜೋಡು ಕೊಡಿ. ಆದರೆ ಆಸ್ಪತ್ರೆಯ ಹಣ ಮುಟ್ಟಬೇಡಿ. ಅದನ್ನು ಬಿಡಲು ನನ್ನಿಂದಾಗದು" ಎಂದ. ಕೆಲವರು ನಕ್ಕರು.

ದಳಪತಿ ನಗಲಿಲ್ಲ. ಎದ್ದು ನಿಂತ.

"ಕುದುರೆಗಳು ಬೇಡ. ಜೋಡು ಸಾಕು. ಉಳಿದದ್ದೆಲ್ಲ ಆ ತಾಯಂದಿರ ಹಾಸಿಗೆಗೆ ಹೋಗಲಿ."

ರಾಜನೂ ಸಿಂಹಾಸನದಿಂದ ಎದ್ದು ನಿಂತ. ಮಂತ್ರಿ ಆಯವ್ಯಯವನ್ನು ಓದತೊಡಗಿದ. ಲಕ್ಷಾಂತರ ಜನರ ಮುಂದಿನ ವರ್ಷವನ್ನು ತಾನು ಕೈಯಲ್ಲಿ ಹಿಡಿದಿದ್ದೇನೆ ಎಂಬುದು ಅವನಿಗೆ ಆಗ ಹೊಳೆಯಿತು.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಆ ವರ್ಷ ಕೇಳಿದವರಿಗೆಲ್ಲ ಸಿಕ್ಕಿತೇ?"

"ಇಲ್ಲ, ಸಿಗದವರ ಊರುಗಳಿಗೆ ಮಂತ್ರಿಯೇ ನಡೆದುಹೋಗಿ, 'ಈ ವರ್ಷ ನಿಮಗೆ ಕೊಡಲಾಗಲಿಲ್ಲ' ಎಂದು ಅವರ ಮುಖ ನೋಡಿ ಹೇಳಿಬಂದ."